ಅಪ್ಪ ಟಿವಿ ನೋಡಲ್ಲ, ನನ್ನ ಮುಖ ನೋಡ್ತಾರೆ

ಆಪ್ತಸಮಾಲೋಚನೆಗೆಂದು ನನ್ನ ಬಳಿ ಒಂದು ಬಗೆಯ ಮನೆಗಳವರು ಪದೇ ಪದೇ ಬರುತ್ತಾರೆ. ಅಪ್ಪನಿಗೋ ಅಮ್ಮನಿಗೋ ಚಿಕ್ಕಂದಿನಲ್ಲಿ ಪ್ರಾಣವಾಗಿದ್ದ ಒಂದು ಧಾರಾವಾಹಿ, ಒಂದು ಮಕ್ಕಳ ಪತ್ರಿಕೆ, ಒಂದು ಸಿನಿಮಾ ಇರುತ್ತದೆ. ಆಸೆಯಿಂದ ಮಕ್ಕಳಿಗೆ ತೋರಿಸುತ್ತಾರೆ. ಮಕ್ಕಳು ಆಕಳಿಸುತ್ತಾರೆ. ಅಲ್ಲಿಂದ ಮನಸ್ತಾಪ ಶುರು. ಕೇಳೋಕೆ ಸಣ್ಣ ವಿಷಯ. ಆದರೆ ನಾನಿಲ್ಲಿ ಹೇಳುವ ಮನೆಯಲ್ಲಿ ಅದು ಹತ್ತು ವರ್ಷದ ಹುಡುಗಿಗೆ ಹೊಟ್ಟೆನೋವಾಗಿ ಕಾಡುತ್ತಿತ್ತು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ.

ನೋವು ಬರುತ್ತಿದ್ದದ್ದು ಭಾನುವಾರ ಸಂಜೆ. ಮಕ್ಕಳ ಡಾಕ್ಟರು ಪರೀಕ್ಷೆ ಮಾಡಿ, ದೇಹಕ್ಕೆ ಏನೂ ತೊಂದರೆ ಇಲ್ಲ ಎಂದಿದ್ದರು. ಮರುದಿನದ ಸ್ಕೂಲಿನ ಭಯ ಇರಬೇಕು ಎಂದು ಅಮ್ಮ ಅಂದುಕೊಂಡಿದ್ದರು. ಆದರೆ ಮಗುವಿಗೆ ಸ್ಕೂಲು ಇಷ್ಟ. ವಾರದ ದಿನಚರಿ ಕೇಳುತ್ತಾ ಹೋದಾಗ ವಿಷಯ ಹೊರಬಂತು. ಭಾನುವಾರ ಸಂಜೆ ಅಪ್ಪ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆರ್.ಕೆ. ನಾರಾಯಣ್ ಕಥೆಗಳ ಹಳೆಯ ಧಾರಾವಾಹಿ ‘ಮಾಲ್ಗುಡಿ ಡೇಸ್’ ಹಾಕುತ್ತಿದ್ದರು.

ಅಪ್ಪ ನಲವತ್ತೈದು ದಾಟಿದವರು, ಒಳ್ಳೆಯ ಮನುಷ್ಯ. ಶಂಕರ್ ನಾಗ್ ಆಗುಂಬೆಯನ್ನೇ ಮಾಲ್ಗುಡಿ ಮಾಡಿದ್ದು, ಸ್ವಾಮಿಯಾಗಿದ್ದ ಮಾಸ್ಟರ್ ಮಂಜುನಾಥ್, ಸ್ವಾಮಿಯ ಅಪ್ಪನ ಪಾತ್ರದ ಗಿರೀಶ್ ಕಾರ್ನಾಡ್, ಆರ್.ಕೆ. ಲಕ್ಷ್ಮಣ್ ಅವರ ಚಿತ್ರಗಳು, ಎಲ್. ವೈದ್ಯನಾಥನ್ ಅವರ ಆ ರಾಗ, ಎಲ್ಲವನ್ನೂ ಮಗಳಿಗೆ ಹೇಳಿಕೊಟ್ಟಿದ್ದರು. ಶೂಟಿಂಗ್ ನಡೆದ ಮನೆ ತೋರಿಸಲು ಆಗುಂಬೆಗೂ ಕರೆದುಕೊಂಡು ಹೋಗಿದ್ದರು. ‘ಮೊಬೈಲಲ್ಲಿ ಕಂಡಕಂಡದ್ದು ನೋಡೋದಕ್ಕಿಂತ ಇದು ಒಳ್ಳೇದಲ್ವಾ ಮೇಡಂ?’ ಎಂದು ಕೇಳಿದರು. ಒಳ್ಳೆಯದೇ. ಅದರಲ್ಲಿ ನನಗೆ ಅನುಮಾನ ಇಲ್ಲ.

ಅಪ್ಪ ಮಗಳು ಇಬ್ಬರನ್ನೂ ಒಟ್ಟಿಗೆ ಕೂರಿಸಿದ ದಿನ, ‘ನಿಂಗೆ ಅದರಲ್ಲಿ ಏನು ಇಷ್ಟ ಆಗಲ್ಲ ಪುಟ್ಟ?’ ಎಂದೆ. ಧಾರಾವಾಹಿ ನಿಧಾನ ಅನ್ನುತ್ತಾಳೆ ಎಂದೇ ಅಪ್ಪ ಕಾದಿದ್ದರು. ಅವಳು ಹೇಳಿದ್ದು ಬೇರೆ.

‘ಅಪ್ಪ ಟಿವಿ ನೋಡಲ್ಲ ಆಂಟಿ, ನನ್ನ ಮುಖ ನೋಡ್ತಾರೆ. ನಗು ಬರೋ ಜಾಗ ಬಂತು ಅಂದ್ರೆ ಈ ಕಡೆ ತಿರುಗ್ತಾರೆ. ಆಗ ನಾನು ನಗಬೇಕು. ನಗದಿದ್ರೆ ರಾತ್ರಿ ಊಟಕ್ಕೆ ಕೂತಾಗ ಮಾತಾಡಲ್ಲ.’

ಅಪ್ಪ ತಲೆ ತಗ್ಗಿಸಿದರು. ಮಗಳು ಇನ್ನೊಂದು ಹೇಳಿದಳು. ಹೆಡ್‌ಮಾಸ್ಟರು ಸ್ವಾಮಿಗೆ ಬೆತ್ತದಲ್ಲಿ ಹೊಡೆಯುವುದನ್ನು ನೋಡಿ ಅವಳಿಗೆ ಭಯವಾಗಿತ್ತು. ‘ಅವನ ಅಮ್ಮ ಸ್ಕೂಲಿಗೆ ಹೋಗಿ ಯಾಕೆ ಕೇಳಲಿಲ್ಲ?’ ಎಂದಿದ್ದಕ್ಕೆ, ‘ನಾವೆಲ್ಲ ತಿಂದಿದ್ದೀವಿ, ಸುಮ್ನೆ ನೋಡು’ ಎಂಬ ಉತ್ತರ ಬಂದಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಹುಟ್ಟಿದ ಮಗು ಅದು. ಸ್ಕೂಲಲ್ಲಿ ಮಕ್ಕಳಿಗೆ ಹೊಡೆಯಬಾರದು ಎಂಬ ಕಾನೂನಿನಲ್ಲಿ ಬೆಳೆದವಳಿಗೆ ಆ ದೃಶ್ಯ ತಮಾಷೆ ಅನ್ನಿಸದಿದ್ದರೆ, ಅದು ಸರಿಯೇ.

ನಾನು ಅಪ್ಪನನ್ನು ಕೇಳಿದೆ: ‘ನೀವು ಮೊದಲು ನೋಡಿದಾಗ ಪಕ್ಕದಲ್ಲಿ ಯಾರಿದ್ದರು?’

ಆಗ ಅವರಿಗೆ ಏಳೆಂಟು ವರ್ಷ. ಓದೋಕೆ ಅಂತ ಪಟ್ಟಣದ ಮಾವನ ಮನೆಯಲ್ಲಿ ಬಿಟ್ಟಿದ್ದರು. ದೂರದರ್ಶನದಲ್ಲಿ ಬರುತ್ತಿದ್ದದ್ದು ಹಿಂದಿಯಲ್ಲಿ. ಮನೆಯಲ್ಲಿ ಹಿಂದಿ ಬರುತ್ತಿದ್ದದ್ದು ಹೈಸ್ಕೂಲು ಓದುವ ಮಾವನ ಮಗನಿಗೆ ಮಾತ್ರ, ಅದೂ ಅರ್ಧಂಬರ್ಧ. ಅವನು ಕಥೆ ಹೇಳುತ್ತಾ ಹೋಗುತ್ತಿದ್ದ. ಗೊತ್ತಾಗದ ಕಡೆ ತಾನೇ ಕಟ್ಟಿ ಹೇಳುತ್ತಿದ್ದ. ಅತ್ತೆ ನಡುವೆ ಬಾಯಿ ಹಾಕುತ್ತಿದ್ದರು. ಪಕ್ಕದ ಮನೆಯವರು ಜಗಳ ಆಡುತ್ತಿದ್ದರು. ‘ಆ ಅರ್ಧ ಗಂಟೆ ಮಾತ್ರ ಅಮ್ಮ ನೆನಪಾಗ್ತಿರಲಿಲ್ಲ ಮೇಡಂ’ ಎಂದರು.

ಮಗಳು ಅವರ ಕಡೆ ತಿರುಗಿ ಕೂತಳು. ‘ಅಜ್ಜಿ ನಿಮ್ಮನ್ನ ಯಾಕಪ್ಪ ಅಲ್ಲಿ ಬಿಟ್ರು? ನೀವು ಅಳ್ತಿದ್ರಾ?’ ಅವಳಿಗೆ ಇದು ಯಾವುದೂ ಗೊತ್ತೇ ಇರಲಿಲ್ಲ. ನಮ್ಮ ಕಾಲ ಎಷ್ಟು ಚೆನ್ನಾಗಿತ್ತು ಎಂಬುದನ್ನಷ್ಟೇ ಕೇಳಿದ್ದಳು. ಆ ಸೆಷನ್ನಿನ ಉಳಿದ ಹೊತ್ತೆಲ್ಲ ಅವರಿಬ್ಬರೇ ಮಾತಾಡಿದರು.

ನಾನು ಕೊಟ್ಟ ಸಲಹೆ ಇಷ್ಟೇ. ಭಾನುವಾರದ ಕಡ್ಡಾಯ ನಿಲ್ಲಿಸಿ. ನಿಮಗೆ ನೋಡಬೇಕು ಅನ್ನಿಸಿದರೆ ಹಾಲ್‌ನಲ್ಲಿ ಕೂತು ನಿಮ್ಮ ಸಂತೋಷಕ್ಕೆ ನೋಡಿ, ಅವಳನ್ನು ಕರೆಯಬೇಡಿ. ಬಂದು ಕೂತರೆ ಅವಳ ಮುಖ ನೋಡಬೇಡಿ. ನಡುವೆ ಮಾತಾಡಿದರೆ ಸುಮ್ಮನಿರಿಸಬೇಡಿ, ಬೇಕಾದರೆ ನಿಲ್ಲಿಸಿ ಉತ್ತರ ಕೊಡಿ. ನಿಮ್ಮ ಮಾವನ ಮನೆಯಲ್ಲಿ ಯಾರೂ ಬಾಯಿ ಮುಚ್ಚಿಕೊಂಡು ನೋಡಿರಲಿಲ್ಲ. ವಾರಕ್ಕೊಮ್ಮೆ ಅವಳು ಆರಿಸಿದ ಕಾರ್ಟೂನ್ ನೋಡಿ, ಅರ್ಥವಾಗದ್ದನ್ನು ಅವಳನ್ನೇ ಕೇಳಿ. ಮಾವನ ಮನೆಯ ದಿನಗಳನ್ನು ಅವಳು ಕೇಳಿದಷ್ಟು ಹೇಳಿ.

ಮಗಳನ್ನು ಜಾಸ್ತಿ ಮುದ್ದು ಮಾಡಿದಿರಿ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ದೊಡ್ಡವರ ಖುಷಿಗೆ ಅರ್ಧ ಗಂಟೆ ಕೂರುವುದನ್ನು ಮಕ್ಕಳು ಕಲಿಯಬೇಡವೇ, ಹೀಗೆ ಬಿಟ್ಟರೆ ನಮ್ಮದು ಅಂತ ಮುಂದಕ್ಕೆ ಏನು ಉಳಿಯುತ್ತದೆ ಎಂಬುದು ಅವರ ವಾದ. ಅವರ ಕಳಕಳಿ ನನಗೂ ಇದೆ. ಆದರೆ ಈ ಹುಡುಗಿ ಕೂರುವುದನ್ನು ಕಲಿತಿರಲಿಲ್ಲ, ಬಾರದ ನಗು ನಗುವುದನ್ನು ಕಲಿಯುತ್ತಿದ್ದಳು. ಅಪ್ಪನ ಮುಂದೆ ಇಷ್ಟವಿಲ್ಲ ಅನ್ನಲಾಗದ ಮಗು ನಾಳೆ ಇನ್ನೂ ದೊಡ್ಡ ವಿಷಯವನ್ನು ಅವರಿಗೆ ಹೇಳುವುದಿಲ್ಲ. ಹದಿಹರೆಯದವರ ಮನೆಗಳಲ್ಲಿ ಆ ಮೌನವನ್ನು ನಾನು ಸಾಕಷ್ಟು ನೋಡಿದ್ದೇನೆ. ಒಂದು ಧಾರಾವಾಹಿಗೋಸ್ಕರ ಆ ಬಾಗಿಲು ಮುಚ್ಚಬಾರದು ಎಂದು ಈಗಲೂ ಹೇಳುತ್ತೇನೆ.

ಹೊಟ್ಟೆನೋವು ಕಡಿಮೆಯಾಗುತ್ತಾ ಬಂದು ನಿಂತಿತು. ಉಳಿದ ಕಂತುಗಳನ್ನು ಅವಳು ಇನ್ನೂ ನೋಡಿಲ್ಲ. ಆದರೆ ರಜೆಯಲ್ಲಿ ಆ ಮಾವನ ಮನೆಗೆ ಹೋಗೋಣ, ಕಥೆ ಕಟ್ಟಿ ಹೇಳುತ್ತಿದ್ದ ಆ ಮಾವನ ಮಗ ಈಗ ಹೇಗಿದ್ದಾರೆ ನೋಡಬೇಕು ಎಂದು ಕೇಳಿದ್ದಾಳಂತೆ.