ಒಂದೇ ಕಂಪ್ಯೂಟರಿನಲ್ಲಿ ಎರಡು ಕಾರ್ಯಾಚರಣ ವ್ಯವಸ್ಥೆ: ಪರವಾನಗಿ ಎಷ್ಟು ಬೇಕು?

ಕೋಲಾರದ ಟೊಮ್ಯಾಟೊ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ನೀವು, ವಿಂಡೋಸ್ 11 ಇರುವ ಲ್ಯಾಪ್‌ಟಾಪಿಗೆ ಉಬುಂಟು ಎಂಬ ಇನ್ನೊಂದು ಕಾರ್ಯಾಚರಣ ವ್ಯವಸ್ಥೆಯನ್ನು ಹಾಕಿ, ಅದರೊಳಗಿನ ವರ್ಚುವಲ್ ಯಂತ್ರದಲ್ಲಿಯೂ (ಎಂದರೆ ತಂತ್ರಾಂಶದಿಂದ ರೂಪಿಸಿದ, ಕಂಪ್ಯೂಟರಿನೊಳಗಿನ ಕಂಪ್ಯೂಟರಿನಲ್ಲಿಯೂ) ಅದೇ ವಿಂಡೋಸನ್ನು ನಡೆಸಬಹುದೇ ಎಂದು ಕೇಳಿದ್ದೀರಿ.

ಡಿಸ್ಕನ್ನು ಎರಡು ಭಾಗ ಮಾಡಿ ಉಬುಂಟು ಹಾಕಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಉಬುಂಟುವನ್ನು ಎಷ್ಟು ಯಂತ್ರಗಳಿಗೆ ಬೇಕಾದರೂ ಉಚಿತವಾಗಿ ಹಾಕಬಹುದು. ವಿಂಡೋಸಿನ ಪರವಾನಗಿಯೂ ಪಕ್ಕದಲ್ಲಿ ಇನ್ನೊಂದು ವ್ಯವಸ್ಥೆ ಇರಬಾರದೆಂದು ಹೇಳುವುದಿಲ್ಲ.

ತೊಡಕಿರುವುದು ವರ್ಚುವಲ್ ಯಂತ್ರದಲ್ಲಿ. ಮೈಕ್ರೋಸಾಫ್ಟಿನ ಷರತ್ತಿನಂತೆ ಒಂದು ಪರವಾನಗಿಗೆ ಒಂದು ಸಾಧನದಲ್ಲಿ ಒಂದೇ ಪ್ರತಿ, ಆ ಸಾಧನ ಭೌತಿಕವಾಗಿರಲಿ, ವರ್ಚುವಲ್ ಆಗಿರಲಿ. ಆದ್ದರಿಂದ ಡಿಸ್ಕಿನಲ್ಲಿ ಒಂದು, ಉಬುಂಟುವಿನೊಳಗೆ ಇನ್ನೊಂದು ಎಂದರೆ, ಎರಡೂ ಒಂದೇ ಲ್ಯಾಪ್‌ಟಾಪಿನಲ್ಲಿದ್ದರೂ, ಎರಡು ಪರವಾನಗಿ ಬೇಕಾಗುತ್ತದೆ. ‘ಯಂತ್ರ ಒಂದೇ ತಾನೆ’ ಎಂಬ ವಾದ ಸಹಜವೆನಿಸಿದರೂ ಇಲ್ಲಿ ನಡೆಯದು.

ನಿಮ್ಮದು ಯಾವ ಬಗೆಯ ಪರವಾನಗಿ ಎಂದು ತಿಳಿಯಲು ವಿಂಡೋಸ್ ಮತ್ತು ಆರ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ‘ಎಸ್‌ಎಲ್‌ಎಂಜಿಆರ್ /ಡಿಎಲ್‌ಐ’ ಆದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಿ. ತೆರೆಯುವ ಸಣ್ಣ ಕಿಟಕಿಯಲ್ಲಿ ‘ಒಇಎಂ’ ಎಂದಿದ್ದರೆ, ಲ್ಯಾಪ್‌ಟಾಪಿನೊಂದಿಗೇ ಬಂದ ಆ ಪರವಾನಗಿ ಅದಕ್ಕೇ ಅಂಟಿಕೊಂಡದ್ದು, ಬೇರೆಡೆಗೆ ಒಯ್ಯುವಂತಿಲ್ಲ. ‘ರೀಟೇಲ್’ ಎಂದಿದ್ದರೆ ಹಳೆಯದರಿಂದ ತೆಗೆದು ಹೊಸ ಯಂತ್ರಕ್ಕೆ ವರ್ಗಾಯಿಸಬಹುದು. ಏಕಕಾಲಕ್ಕೆ ಎರಡರಲ್ಲಿ ಮಾತ್ರ ಇಲ್ಲ.

ಮ್ಯಾಕ್‌ಓಎಸ್ ಆಸೆಯಿದ್ದರೆ ಬಿಟ್ಟುಬಿಡಿ. ಆಪಲ್ ತನ್ನ ಯಂತ್ರಗಳ ಹೊರಗೆ ಅದಕ್ಕೆ ಅನುಮತಿಯನ್ನೇ ಕೊಡುವುದಿಲ್ಲ.

ನಿಮ್ಮ ಕೆಲಸ ಬರೀ ಬಿಲ್ಲಿಂಗ್ ತಂತ್ರಾಂಶದ್ದಾದರೆ, ಕಂಪ್ಯೂಟರ್ ಆರಂಭವಾಗುವಾಗ ವ್ಯವಸ್ಥೆಯನ್ನು ಆರಿಸಿಕೊಳ್ಳುವ ಡ್ಯುಯಲ್ ಬೂಟ್ ಸಾಕು, ಹೆಚ್ಚಿನ ಖರ್ಚೂ ಇಲ್ಲ.