ಭೂಕುಸಿತಕ್ಕೆ ಒಬ್ಬರು ಮಳೆ ಕಾರಣ ಅಂತಾರೆ, ಇನ್ನೊಬ್ಬರು ರೆಸಾರ್ಟ್ ಅಂತಾರೆ. ಇಬ್ಬರಿಗೂ ಸಮ ಜಾಗ ಕೊಟ್ಟರೆ ವರದಿ ವಸ್ತುನಿಷ್ಠವಾಯಿತೇ?

ಇಲ್ಲ. ದಾಖಲೆ ತೆಗೆದು ತಾಳೆ ನೋಡಬಹುದಾದ ಕಡೆ ಇಬ್ಬರ ಮಾತನ್ನೂ ಅಕ್ಕಪಕ್ಕ ಇಟ್ಟು ಸುಮ್ಮನಾಗುವುದು ನನ್ನ ಪ್ರಕಾರ ಅರ್ಧ ಕೆಲಸ.

ವಯನಾಡನ್ನೇ ತೆಗೆದುಕೊಳ್ಳಿ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲ ಎಂಬ ಊರುಗಳು ಭೂಕುಸಿತದಲ್ಲಿ ಕೊಚ್ಚಿಹೋದವು. ಜುಲೈ 23ರಿಂದಲೇ ಕೇರಳವನ್ನು ಎಚ್ಚರಿಸಿದ್ದೆವು ಎಂದು ಮರುದಿನ ಕೇಂದ್ರ ಗೃಹ ಸಚಿವ ಅಮಿತ್ ಶಾ ರಾಜ್ಯಸಭೆಯಲ್ಲಿ ಹೇಳಿದರು. ಮೊದಲು ಇದ್ದದ್ದು ಆರೆಂಜ್ ಅಲರ್ಟ್, ರೆಡ್ ಬಂದದ್ದು ಗುಡ್ಡ ಕುಸಿದ ಮೇಲೆ ಎಂದು ಕೇರಳದ ಅಂದಿನ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಉತ್ತರಿಸಿದರು. ಇದನ್ನು ‘ಜಟಾಪಟಿ’ ಎಂದು ಬರೆದರೆ ಓದುಗರಿಗೆ ಏನೂ ಸಿಗದು. ಹವಾಮಾನ ಇಲಾಖೆಯ ಪ್ರಕಟಣೆಯಲ್ಲಿ ತಾರೀಖು, ವೇಳೆ, ಜಿಲ್ಲೆ ಇರುತ್ತದೆ. ಆ ವಾರದ್ದನ್ನೆಲ್ಲ ಸಾಲಾಗಿ ಜೋಡಿಸಿ ಓದುಗರ ಮುಂದಿಡಬೇಕು.

ಹೆಚ್ಚು ಎಡವಟ್ಟಾಗುವುದು ಅಂಕಿಗಳಲ್ಲಿ. ಮುನ್ಸೂಚನೆ 115ರಿಂದ 204 ಮಿ.ಮೀ., ಸುರಿದದ್ದು 48 ಗಂಟೆಯಲ್ಲಿ 572 ಎಂದರು ಮುಖ್ಯಮಂತ್ರಿ. ಆದರೆ ಇಲಾಖೆಯ ‘ಅತಿ ಭಾರಿ ಮಳೆ’ಯ 115.6–204.4 ಎಂಬುದು 24 ಗಂಟೆಯ ಲೆಕ್ಕ. ಬಿಡಿಸಿದರೆ ಮೊದಲ ದಿನ ಸುಮಾರು 200, ಎರಡನೇ ದಿನ 372. ಎರಡನೇ ದಿನದ ಮಳೆ ಮುನ್ಸೂಚನೆ ಮೀರಿದ್ದು ನಿಜವೇ. ಆದರೆ ಅಂತರ 572 ಎಂದಾಗ ಕಂಡಷ್ಟಲ್ಲ. ಹಾಗಾಗಿ ಮಳೆಯ ಅಂಕಿಯ ಜೊತೆಗೆ ಎಷ್ಟು ಗಂಟೆಯದು, ಯಾವ ಊರಿನ ಮಾಪಕದ್ದು ಎಂಬುದೂ ಅದೇ ವಾಕ್ಯದಲ್ಲಿ ಬರಬೇಕು.

ಇನ್ನು ಕಾರಣ. ಗುಡ್ಡ ಒಡೆದದ್ದು ಸುಮಾರು 1,550 ಮೀಟರ್ ಎತ್ತರದಲ್ಲಿ, ಮಣ್ಣು ಹರಿದದ್ದು 8 ಕಿ.ಮೀ. ಎಂದು ಇಸ್ರೋದ ಉಪಗ್ರಹ ಚಿತ್ರಗಳು ತೋರಿಸಿದವು. ಅಲ್ಲಿಗೆ ಪ್ರಶ್ನೆ ಮೂರಾಯಿತು: ಮೇಲೆ ಯಾಕೆ ಒಡೆಯಿತು, ಅಷ್ಟು ದೂರ ಯಾಕೆ ಹರಿಯಿತು, ಹರಿದ ದಾರಿಯಲ್ಲಿ ಮನೆಗಳು ಯಾಕಿದ್ದವು? ಮೂರಕ್ಕೂ ಒಂದೇ ಉತ್ತರ ಇರಬೇಕಿಲ್ಲ. ಮೊದಲ ದಿನವೇ ‘ರೆಸಾರ್ಟ್ ತಂದ ಸಾವು’ ಎನ್ನುವುದು ಊಹೆ. ‘ವರುಣನ ಮುನಿಸು’ ಎನ್ನುವುದೂ ಪಕ್ಷಪಾತವೇ, ಯಾಕೆಂದರೆ ಅಲ್ಲಿ ಮನುಷ್ಯರ ಹೊಣೆ ಮಾಯವಾಗುತ್ತದೆ. ಪಶ್ಚಿಮ ಘಟ್ಟದ ಪರಿಸರ ಅಧ್ಯಯನ ಮಾಡಿದ ಗಾಡ್ಗೀಳ್ ಸಮಿತಿ 2011ರಲ್ಲೇ ಈ ಊರುಗಳಿರುವ ವೈತ್ತಿರಿ ತಾಲ್ಲೂಕನ್ನು ಅತಿ ಸೂಕ್ಷ್ಮ ವಲಯ ಎಂದಿತ್ತು. ಪಕ್ಕದ ಪುತ್ತುಮಲ 2019ರಲ್ಲಿ ಕುಸಿದಿತ್ತು. ಇವೆರಡನ್ನೂ ಬರೆಯಲೇಬೇಕು.

ಸಾವಿನ ಲೆಕ್ಕದಲ್ಲಂತೂ ಆತುರ ಬೇಡ. ಚಾಲಿಯಾರ್ ಹೊಳೆಯಲ್ಲಿ ತೇಲಿದ ದೇಹಗಳು, ದೇಹದ ಭಾಗಗಳು ಮಲಪ್ಪುರಂ ಜಿಲ್ಲೆಯಲ್ಲಿ ಸಿಕ್ಕವು. ಡಿಎನ್‌ಎ ಪರೀಕ್ಷೆಗೆ ಮೊದಲೇ ಎಲ್ಲ ಕೂಡಿಸಿದರೆ ಒಬ್ಬರೇ ಎರಡು ಸಲ ಎಣಿಕೆಯಾಗಬಹುದು. ಮೃತದೇಹ, ದೇಹದ ಭಾಗ, ನಾಪತ್ತೆ ಮೂರನ್ನೂ ಬೇರೆಬೇರೆ ಬರೆದು, ಯಾವ ಇಲಾಖೆ ಎಷ್ಟು ಗಂಟೆಗೆ ಕೊಟ್ಟ ಲೆಕ್ಕ ಎಂದು ಪ್ರತಿ ಸಲವೂ ನಮೂದಿಸಿ.