ಚಿನ್ನದ ಪದಕ ಎಂದು ಬರೆದ ಮಾಸ್ತರರಿಗೆ

ಸಿಂಧನೂರಿನ ಮಾಸ್ತರರಿಗೆ ನಮಸ್ಕಾರ.

ಐದನೇ ತರಗತಿಯ ಮಕ್ಕಳಿಗೆಂದು, ಭಾರತ ರತ್ನ ಪಡೆದ ವಿದೇಶಿಯರ ಬಗ್ಗೆ ನೀವು ನಮ್ಮ ಪತ್ರಿಕೆಗೆ ಕಳಿಸಿದ ‘ಗಡಿ ದಾಟಿದ ಭಾರತ ರತ್ನ’ ಲೇಖನ ಓದಿದೆ. ವಿಷಯ ಚೆನ್ನಾಗಿದೆ, ಅಕ್ಷರವೂ ದುಂಡಗಿದೆ. ಇನ್ನು ನನ್ನ ತಕರಾರು.

ಎರಡನೇ ಪ್ಯಾರಾದಲ್ಲಿ ‘ಥಳಥಳಿಸುವ ಚಿನ್ನದ ಪದಕ ಹಾಗೂ ಅಪಾರ ನಗದು ನೀಡಿ ಗೌರವಿಸಲಾಗುತ್ತದೆ’ ಎಂದಿದ್ದೀರಿ. ನಗದು ಒಂದು ರೂಪಾಯಿಯೂ ಇಲ್ಲ. ರಾಷ್ಟ್ರಪತಿಗಳ ಸಹಿ ಇರುವ ಸನದು (ಪ್ರಮಾಣಪತ್ರ) ಮತ್ತು ಪದಕ, ಅಷ್ಟೇ. ಚಿನ್ನ ಎಲ್ಲಿಂದ ಬಂತೆಂದು ಊಹಿಸಬಲ್ಲೆ: 1954ರ ಮೊದಲ ನಿಯಮದಲ್ಲಿ 35 ಮಿ.ಮೀ. ವ್ಯಾಸದ ದುಂಡನೆಯ ಚಿನ್ನದ ಪದಕ ಎಂದೇ ಇತ್ತು. ಮರುವರ್ಷ ಆಕಾರ ಬದಲಾಯಿತು. ಈಗಿರುವುದು ಕಂಚಿನ ಅರಳಿ ಎಲೆ. ಉದ್ದ 5.8 ಸೆಂ.ಮೀ., ಅಗಲ 4.7 ಸೆಂ.ಮೀ., ದಪ್ಪ 3.1 ಮಿ.ಮೀ. ಮುಂಬದಿಗೆ ಸೂರ್ಯ, ಕೆಳಗೆ ದೇವನಾಗರಿಯಲ್ಲಿ ‘ಭಾರತ ರತ್ನ’, ಹಿಂಬದಿಗೆ ರಾಷ್ಟ್ರಲಾಂಛನ. ಸೂರ್ಯನೂ ಅಂಚೂ ಪ್ಲಾಟಿನಂ. ಕೊರಳಿಗೆ ಬಿಳಿ ರಿಬ್ಬನ್. ತಯಾರಾಗುವುದು ಕೋಲ್ಕತ್ತದ ಅಲಿಪುರ ಟಂಕಸಾಲೆಯಲ್ಲಿ.

ಮಕ್ಕಳಿಗೆ ಬೇಕಾದದ್ದು ಇದು. ಅರಳಿಕಟ್ಟೆಯಿಂದ ಎಲೆ ತರಲಿ, ಸ್ಕೇಲು ಇಟ್ಟು ಅಳೆಯಲಿ. ಬಲಿತ ಎಲೆ ಪದಕಕ್ಕಿಂತ ದೊಡ್ಡದಿರುತ್ತದೆ, ಎಳೆಯದನ್ನೇ ಹುಡುಕಬೇಕಾದೀತು. ‘ಥಳಥಳಿಸುವ’ ಎಂದರೆ ಯಾವ ಹುಡುಗ ಏನನ್ನು ಅಳೆಯಬೇಕು?

ನನ್ನನ್ನು ಕೆರಳಿಸಿದ್ದು ನಾಲ್ಕನೇ ಪ್ಯಾರಾ: ‘ವಿಶ್ವಬಂಧುತ್ವದ ಹರಿಕಾರ, ಮಾನವತೆಯ ಮೇರುಶಿಖರ ಭಾರತ ರತ್ನ ನೆಲ್ಸನ್ ಮಂಡೇಲಾ’. ಮೊದಲಿಗೆ, ಹೆಸರಿನ ಹಿಂದೆ ಮುಂದೆ ‘ಭಾರತ ರತ್ನ’ ಅಂಟಿಸುವಂತಿಲ್ಲ. ಸಂವಿಧಾನದ 18ನೇ ವಿಧಿ ಬಿರುದುಗಳನ್ನು ತೆಗೆದುಹಾಕಿದೆ; ಇದು ಬಿರುದಲ್ಲ, ಹಾಗೆ ಬಳಸಲೂಬಾರದು ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ‘ಭಾರತ ರತ್ನ ಪುರಸ್ಕೃತರು’ ಎಂದು ಬರೆಯಿರಿ.

ಹರಿಕಾರ, ಮೇರುಶಿಖರ ಎಲ್ಲ ಸರಿ, ಆ ಮನುಷ್ಯ ಮಾಡಿದ್ದೇನು? ನಾನು ಈ ಕೆಲಸ ಕಲಿಯುವಾಗ ಹಿರಿಯ ಸಂಪಾದಕರು ಇಂಥ ಪದ ಕಂಡ ಕೂಡಲೇ ಅಂಚಿನಲ್ಲಿ ‘ಏನು ಮಾಡಿದ?’ ಎಂದು ಗೀಚಿ ಹಾಳೆ ವಾಪಸ್ ಕೊಡುತ್ತಿದ್ದರು. ನಿಮ್ಮ ಹಾಳೆಯ ಮೇಲೂ ಅದನ್ನೇ ಗೀಚಿದ್ದೇನೆ.

ದಕ್ಷಿಣ ಆಫ್ರಿಕಾದ ಮಂಡೇಲಾ, ಮೈಬಣ್ಣ ನೋಡಿ ಹಕ್ಕು ಹಂಚುವ ಅಲ್ಲಿನ ಸರ್ಕಾರವನ್ನು ಎದುರಿಸಿ 27 ವರ್ಷ ಸೆರೆಯಲ್ಲಿದ್ದರು. ಅದರಲ್ಲಿ 18 ವರ್ಷ ರಾಬೆನ್ ದ್ವೀಪದಲ್ಲಿ. ಅಲ್ಲಿನ ಸುಣ್ಣಕಲ್ಲಿನ ಗಣಿಯಲ್ಲಿ ಬಿಸಿಲು ಬಿಳಿ ಕಲ್ಲಿಗೆ ಬಡಿದು ಅವರ ಕಣ್ಣು ಹಾಳಾಯಿತು. ಗಣಿ ಎಂದರೇನು, ಬಿಸಿಲು ಎಂದರೇನು ಎಂದು ಬಳ್ಳಾರಿ, ರಾಯಚೂರಿನ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. ಇನ್ನು ಸ್ನೇಹದ ಮಾತು: ಸ್ವಾತಂತ್ರ್ಯಕ್ಕೂ ಮೊದಲೇ, 1946ರಲ್ಲಿ, ಭಾರತ ದಕ್ಷಿಣ ಆಫ್ರಿಕಾದ ಜೊತೆ ವ್ಯಾಪಾರ ನಿಲ್ಲಿಸಿ ಅಲ್ಲಿನ ಭಾರತೀಯರಿಗಾಗುವ ತಾರತಮ್ಯವನ್ನು ವಿಶ್ವಸಂಸ್ಥೆಗೆ ಒಯ್ದಿತ್ತು. ಮಂಡೇಲಾ ಬಿಡುಗಡೆಯಾದ 1990ರಲ್ಲೇ ಭಾರತ ರತ್ನ ಬಂತು. ಈ ಎರಡು ಇಸವಿ ಅಕ್ಕಪಕ್ಕ ಇಟ್ಟರೆ ‘ವಿಶ್ವಬಂಧುತ್ವ’ ಎಂಬ ಪದವೇ ಬೇಕಾಗುವುದಿಲ್ಲ.

ವಿದೇಶಿಯರ ಪಟ್ಟಿಯಿಂದ ಮದರ್ ತೆರೇಸಾ ಹೆಸರು ತೆಗೆಯಿರಿ. 1980ರಲ್ಲಿ ಪ್ರಶಸ್ತಿ ಬಂದಾಗ ಅವರು ಭಾರತದ ಪ್ರಜೆಯೇ. ಪ್ರಜೆಯಲ್ಲದವರಲ್ಲಿ ಮೊದಲಿಗರು ಪಾಕಿಸ್ತಾನದ ಖಾನ್ ಅಬ್ದುಲ್ ಗಫಾರ್ ಖಾನ್, 1987ರಲ್ಲಿ. ಕೆಂಪಂಗಿ ತೊಟ್ಟ ಪಠಾಣರನ್ನು ಅಹಿಂಸೆಯ ಹಾದಿಗೆ ತಂದವರಿಗೆ ನೀವು ಕೊಟ್ಟಿರುವುದು ಅರ್ಧ ಸಾಲು! ಕನಿಷ್ಠ ಒಂದು ಪ್ಯಾರಾ ಕೊಡಿ.

ಕೊಪ್ಪಳ ಜಿಲ್ಲೆಯ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರಿಗೆ 2025ರಲ್ಲಿ ಬಂದದ್ದು ಪದ್ಮಶ್ರೀ, ಅದು ಬೇರೆ. ಮಕ್ಕಳು ಕೇಳಿಯೇ ಕೇಳುತ್ತಾರೆ, ಒಂದು ಸಾಲು ಸೇರಿಸಿ. ಮಂಡೇಲಾ ಬಾಲ್ಯದ ಪ್ಯಾರಾ ಬೇಡ. ತಿದ್ದಿದ ಪ್ರತಿ ಈ ತಿಂಗಳೊಳಗೆ ಕೈಸೇರಿದರೆ ಮುಂದಿನ ಸಂಚಿಕೆಗೆ ಹಾಕುತ್ತೇನೆ.